ಬ್ಯಾಗ್ ಕಾಯುವ ಬೆಂಚು

ನಮ್ಮ ಮಂಡ್ಯ, ಮೈಸೂರು ಕಡೆಯ ಹೆಂಗಸರು ಊರು ಸುತ್ತುವುದರಲ್ಲಿ ಹಿಂದೆ ಬಿದ್ದವರಲ್ಲ. ಧರ್ಮಸ್ಥಳ, ಕುಕ್ಕೆ, ಶೃಂಗೇರಿ, ಹೊರನಾಡು ಒಂದು ಸುತ್ತು. ಕೈಯಲ್ಲಿ ನಾಲ್ಕು ಕಾಸು ಕೂಡಿದರೆ ತಿರುಪತಿ, ಶಿರಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಾಗಿಲ್ಲ ಅಂತಾದ ಮೇಲೆ ಮಹದೇಶ್ವರ ಬೆಟ್ಟದ ಬಸ್ಸು ಹತ್ತಲು ನೂಕುನುಗ್ಗಲು. ದೇವರ ಹೆಸರು ಹೇಳಿದರೆ ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಮದುವೆ, ಬೀಗರೂಟ, ನಾಮಕರಣ ಅಂದರೂ ಅನ್ನುವುದಿಲ್ಲ. ಆದರೆ ಐವತ್ತು ವರ್ಷದ ಹೆಂಗಸೊಬ್ಬಳು ‘ಆಟ ಆಡಕ್ಕೆ ಹೋಗಿ ಬರ್ತೀನಿ’ ಅಂತ ಹೇಳಲಿ ನೋಡೋಣ.

ನಾನು ಹೇಳುತ್ತೇನೆ, ಹೋಗಿಯೂ ಬರುತ್ತೇನೆ. ಯಾವ ಊರಿಗೆ ಹೋದರೂ ಅಲ್ಲೊಂದು ಅಮ್ಯೂಸ್‌ಮೆಂಟ್ ಪಾರ್ಕ್ ಇದ್ದರೆ, ಅದರಲ್ಲೊಂದು ಒಳ್ಳೆಯ ರೋಲರ್ ಕೋಸ್ಟರ್, ಅಂದರೆ ಹಳಿಯ ಮೇಲೆ ಏರಿಳಿದು ಓಡುವ ಆಟದ ಬಂಡಿ, ಇದ್ದರೆ, ಒಂದು ಹಗಲು ಅದಕ್ಕೆ ಎತ್ತಿಡುತ್ತೇನೆ. ಮ್ಯೂಸಿಯಂ, ಸೀರೆ ಅಂಗಡಿ ಎಲ್ಲ ಆಮೇಲೆ. ಹೀಗೆ ಸುತ್ತುವಾಗ ಎಲ್ಲ ಕಡೆ ಕಣ್ಣಿಗೆ ಬೀಳುವ ಒಂದು ಬೆಂಚಿನ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ರೈಡ್ ಮುಗಿಸಿ ಜನ ಹೊರಗೆ ಬರುವ ದಾರಿಯ ಪಕ್ಕದಲ್ಲಿ ಈ ಬೆಂಚು ಇರುತ್ತದೆ. ಮರದ ನೆರಳಿದ್ದರೆ ಪುಣ್ಯ. ಕೂತಿರುವವರು ಹೆಚ್ಚಾಗಿ ನಲವತ್ತು ದಾಟಿದ ಹೆಂಗಸರು. ಮಡಿಲಲ್ಲಿ ಬ್ಯಾಗುಗಳ ರಾಶಿ, ಕಾಲ ಬಳಿ ಸಾಲು ಚಪ್ಪಲಿ, ಒಂದು ಕೈಯಲ್ಲಿ ಯಾರದೋ ಕನ್ನಡಕ, ಇನ್ನೊಂದು ಕೈಯಲ್ಲಿ ಮನೆಮಂದಿಯ ಮೊಬೈಲುಗಳು. ಗಂಡ, ಮಕ್ಕಳು, ಅಳಿಯ, ಮೈದುನ ಎಲ್ಲರೂ ಮೇಲೆ ಗಾಳಿಯಲ್ಲಿರುತ್ತಾರೆ. ಇವರೂ ಪೂರ್ತಿ ಟಿಕೆಟ್ ಕೊಟ್ಟೇ ಒಳಗೆ ಬಂದವರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿದವರೂ ಇವರೇ. ತಲೆ ಎತ್ತಿ ನೋಡುತ್ತಾರೆ, ತಮ್ಮವರು ಕಂಡರೆ ಕೈ ಬೀಸುತ್ತಾರೆ. ಮತ್ತೆ ಬ್ಯಾಗು ಸರಿಮಾಡಿಕೊಂಡು ಕೂರುತ್ತಾರೆ.

‘ನೀವು ಹೋಗಲ್ವಾ’ ಅಂತ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಭಯ ಆಗುತ್ತೆ. ಈ ವಯಸ್ಸಲ್ಲಿ ಏನು ಚೆನ್ನಾಗಿರುತ್ತೆ. ಬ್ಯಾಗ್ ಯಾರು ನೋಡ್ಕೋತಾರೆ. ನಿಜವಾಗಿ ಭಯ ಇರುವವರು ಕೆಲವರು, ಅವರನ್ನು ಬಲವಂತ ಮಾಡಬಾರದು. ಮಿಕ್ಕವರನ್ನು ಯಾರೂ ‘ಬಾ’ ಅಂತ ಕರೆದೇ ಇರುವುದಿಲ್ಲ.

ಇದೇ ಹೆಂಗಸರು ದಸರಾ ಎಕ್ಸಿಬಿಷನ್ನಿನಲ್ಲಿ ಹೇಗಿರುತ್ತಾರೆ ನೋಡಿದ್ದೀರಾ? ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, 1880ರಲ್ಲಿ ಶುರುವಾದ ವಸ್ತುಪ್ರದರ್ಶನ ಅದು. ಜನ ಹೊಸ ಬೆಳೆ, ಹೊಸ ಯಂತ್ರ, ಹೊಸ ಕಸುಬು ನೋಡಿ ಕಲಿಯಲಿ ಅನ್ನುವುದು ಆಗಿನ ಉದ್ದೇಶ. ಈಗಲೂ ಸರ್ಕಾರಿ ಇಲಾಖೆಗಳ ಮಳಿಗೆ ಇರುತ್ತವೆ. ಆದರೆ ಸಂಜೆ ದೊಡ್ಡಕೆರೆ ಮೈದಾನಕ್ಕೆ ಜನ ಬರುವುದು ಬೇರೆಯದಕ್ಕೆ. ಜೈಂಟ್ ವೀಲ್, ಕೊಲಂಬಸ್, ಟೋರಾ ಟೋರಾ, ಆಮೇಲೆ ಒಂದು ತಟ್ಟೆ ಅಗಲದ ಹಪ್ಪಳಕ್ಕೆ ಖಾರದ ಪುಡಿ ಉದುರಿಸಿಕೊಂಡು ತಿನ್ನುವುದಕ್ಕೆ. ಜೈಂಟ್ ವೀಲ್ ತುದಿಗೆ ಹೋಗಿ ನಿಂತಾಗ ಒಂದು ಕಡೆ ಅರಮನೆಯ ದೀಪ, ಇನ್ನೊಂದು ಕಡೆ ಚಾಮುಂಡಿ ಬೆಟ್ಟದ ದಾರಿಯ ದೀಪ. ಅಲ್ಲಿ ಕೆ.ಆರ್. ಪೇಟೆ, ಪಾಂಡವಪುರ, ತಿ. ನರಸೀಪುರದ ಕಡೆಯಿಂದ ಬಂದ ಅತ್ತೆ ಸೊಸೆಯರು ಒಂದೇ ತೊಟ್ಟಿಲಲ್ಲಿ ಕೂತು, ಒಬ್ಬರ ಕೈ ಒಬ್ಬರು ಹಿಡಿದು ಕೂಗುತ್ತಾರೆ. ಊರ ಜಾತ್ರೆಯಲ್ಲಿ ಮರದ ತೊಟ್ಟಿಲು ಹತ್ತಿ ಅಭ್ಯಾಸ ಆದವರು ಅವರು. ನಾಲ್ಕು ತೊಟ್ಟಿಲು, ಕೈಯಲ್ಲೇ ತಿರುಗಿಸುವ ಇಬ್ಬರು ಆಳು, ಅಷ್ಟೇ ಯಂತ್ರ. ಜಾತ್ರೆ ಅಂದರೆ ದೇವರ ಕೆಲಸವೇ ಆದ್ದರಿಂದ ಅಲ್ಲಿ ಆಡಿದರೆ ತಪ್ಪಿಲ್ಲ. ಎಕ್ಸಿಬಿಷನ್ನೂ ಹಬ್ಬದ ಲೆಕ್ಕಕ್ಕೆ ಬರುತ್ತದೆ. ಪಾರ್ಕ್‌ಗೆ ಮಾತ್ರ ಆಟ ಬಿಟ್ಟರೆ ಬೇರೆ ನೆಪ ಇಲ್ಲ. ಅಲ್ಲೇ ಇವರು ಬೆಂಚಿಗೆ ಸರಿಯುತ್ತಾರೆ.

ಮದ್ದೂರು ಹತ್ತಿರದ ಹಳ್ಳಿಯಲ್ಲಿ ನನ್ನ ಚಿಕ್ಕವ್ವ ಇದ್ದಾಳೆ. ಐವತ್ತು ದಾಟಿದೆ. ರೇಷ್ಮೆ ಹುಳ ಸಾಕಿ, ಹಸು ಕಟ್ಟಿ, ಡೈರಿಗೆ ಹಾಲು ಹಾಕಿ ಇಬ್ಬರು ಮಕ್ಕಳನ್ನು ಓದಿಸಿದವಳು. ಅವಳ ದನಿ ಜೋರಾಗಿದ್ದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇ ಇಲ್ಲ. ಹಸು ಕಳೆದಾಗಲೂ ‘ಬಾ ಬಾ’ ಅಂತ ಮೆಲ್ಲಗೆ ಕರೆಯುವಳು. ಅವಳ ಮಗಳಿಗೆ ಕೆಲಸ ಸಿಕ್ಕಿದ ಖುಷಿಗೆ ಎಲ್ಲರೂ ಬಿಡದಿಯ ವಂಡರ್‌ಲಾ ಪಾರ್ಕ್‌ಗೆ ಹೋಗೋಣ ಅಂತ ಮಾತಾಯಿತು. ಚಿಕ್ಕವ್ವ ಬ್ಯಾಗ್ ನೋಡಿಕೊಳ್ಳಲು ಬರುತ್ತೇನೆ ಅಂದಳು. ಬ್ಯಾಗಿಗೆ ಲಾಕರ್ ಇದೆ, ನೀನು ಆಡಕ್ಕೆ ಬಾ ಅಂದೆ. ಡಾಕ್ಟರ ಹತ್ತಿರ ಬಿ.ಪಿ. ನೋಡಿಸಿದೆವು, ಸರಿಯಾಗಿತ್ತು. ಮಗಳ ಚೂಡಿದಾರ್ ಹಾಕಿಸಿದೆವು. ದುಪ್ಪಟ್ಟಾ ಬೇಡ ಅಂದಾಗ ಮಾತ್ರ ಸ್ವಲ್ಪ ಹೊತ್ತು ಒದ್ದಾಡಿದಳು.

ವಂಡರ್‌ಲಾ ನಮಗೆ ಪರಿಚಯದ ಜಾಗವೇ. ಕೇರಳದ ಕೊಚೌಸೆಫ್ ಚಿಟ್ಟಿಲಪಿಳ್ಳಿ ಅವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಅಂತ ಶುರುಮಾಡಿ, 2005ರಲ್ಲಿ ಬಿಡದಿಯಲ್ಲಿ ಇದನ್ನು ತೆರೆದರು. ಮೈಸೂರಿನ ಮಕ್ಕಳಿಗೆ ಅದುವರೆಗೆ ಕೆ.ಆರ್.ಎಸ್. ರಸ್ತೆಯ ಜಿ.ಆರ್.ಎಸ್. ಪಾರ್ಕೇ ದೊಡ್ಡದು. ಮೊದಲೆಲ್ಲ ಮಂಡ್ಯದಿಂದ ಹೊರಟರೆ ಮದ್ದೂರಲ್ಲಿ ವಡೆ, ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿ ಕಿಟಕಿಯಲ್ಲೇ ಕಾಣುತ್ತಿತ್ತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಊರುಗಳೆಲ್ಲ ಪಕ್ಕಕ್ಕೆ ಹೋದವು. ಬಿಡದಿಗೆ ಹೋಗುವವರು ನೆನಪಿಟ್ಟುಕೊಂಡು ಕೆಳಗಿಳಿಯಬೇಕು. ಬೇಗ ತಲುಪುತ್ತೇವೆ, ಆದರೆ ಆ ವಡೆ ಬೇಕಿತ್ತು ಅನಿಸುತ್ತದೆ.

ಚಿಕ್ಕವ್ವ ಮೊದಲು ಸಣ್ಣ ರೈಡ್‌ಗಳಲ್ಲಿ ಕೂತಳು. ಮಧ್ಯಾಹ್ನದ ಹೊತ್ತಿಗೆ ರಿಕಾಯಿಲ್ ಅನ್ನುವ ರೋಲರ್ ಕೋಸ್ಟರ್ ಮುಂದೆ ನಿಂತಿದ್ದೆವು. ಅದು ಮೊದಲು ಹಿಂದಕ್ಕೆ ಎಳೆದುಕೊಂಡು ಮೇಲೆ ಹೋಗುತ್ತದೆ. ಮುಖ ನೆಲದ ಕಡೆ. ಅಲ್ಲಿಂದ ಬಿಟ್ಟರೆ ತಿರುಚಿಕೊಂಡು, ತಲೆಕೆಳಗಾಗಿ, ಇನ್ನೊಂದು ತುದಿಯ ಏರು ಹತ್ತಿ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಬಂದ ದಾರಿಯಲ್ಲೇ ಹಿಮ್ಮುಖವಾಗಿ ವಾಪಸು. ಚಿಕ್ಕವ್ವ ಕ್ಯೂನಲ್ಲಿ ನಿಂತು ಎಲ್ಲವನ್ನೂ ನೋಡಿದಳು.

“ಇದು ಬೀಳಾಕಿಲ್ವಾ ಮಗಾ?”

ಇದು ಒಳ್ಳೆಯ ಪ್ರಶ್ನೆ, ಸುಮ್ನೆ ‘ಇಲ್ಲ ಬಾ’ ಅಂದರೆ ಸಾಲದು. ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ರೈಲಿನ ಗಾಲಿ ಹಳಿಯ ಮೇಲೆ ಮಾತ್ರ ಕೂರುತ್ತದೆ. ಇದಕ್ಕೆ ಹಾಗಲ್ಲ. ಹಳಿಯ ಮೇಲೊಂದು ಗಾಲಿ, ಪಕ್ಕಕ್ಕೊಂದು, ಕೆಳಗಿನಿಂದ ಹಿಡಿಯುವುದಕ್ಕೊಂದು. ಮೂರೂ ಸೇರಿ ಹಳಿಯನ್ನು ಅಪ್ಪಿಕೊಂಡಿರುತ್ತವೆ. ಕೆಳಗಿನ ಆ ಗಾಲಿಗೆ ಅಮೆರಿಕದ ಜಾನ್ ಮಿಲ್ಲರ್ ಪೇಟೆಂಟ್ ಪಡೆದದ್ದು 1919ರಲ್ಲಿ. ಅದು ಬಂದ ಮೇಲೆಯೇ ಕಡಿದಾದ ಇಳಿತಗಳನ್ನು ಧೈರ್ಯವಾಗಿ ಕಟ್ಟಲು ಆಗಿದ್ದು. ತಲೆಕೆಳಗಾದಾಗ ಯಾಕೆ ಬೀಳುವುದಿಲ್ಲ ಅನ್ನುವುದು ಅವಳಿಗೇ ಗೊತ್ತಿತ್ತು. ಚೊಂಬಿನ ತುಂಬ ನೀರು ತುಂಬಿ ಹಗ್ಗ ಕಟ್ಟಿ ಜೋರಾಗಿ ತಿರುಗಿಸಿದರೆ ನೀರು ಚೆಲ್ಲುವುದಿಲ್ಲ, ಹಾಗೇ. ಹೆಗಲ ಮೇಲೆ ಬರುವ ಪಟ್ಟಿ ಅದರ ಮೇಲೊಂದು ಭದ್ರತೆ.

ತಲೆಕೆಳಗಾಗುವ ಆ ಸುತ್ತಿನ ಆಕಾರಕ್ಕೂ ಒಂದು ಕಥೆ ಇದೆ. 1895ರಲ್ಲಿ ನ್ಯೂಯಾರ್ಕ್‌ನ ಕೋನಿ ಐಲೆಂಡ್‌ನಲ್ಲಿ ಫ್ಲಿಪ್ ಫ್ಲ್ಯಾಪ್ ಅಂತ ಒಂದು ಕೋಸ್ಟರ್ ಇತ್ತು. ಅದರ ಸುತ್ತು ಬಳೆಯಷ್ಟೇ ದುಂಡಗಿತ್ತು. ದುಂಡಗಿನ ಸುತ್ತಿಗೆ ನುಗ್ಗಿದಾಗ ಭಾರವೆಲ್ಲ ಒಮ್ಮೆಗೇ ಮೈಮೇಲೆ ಬೀಳುತ್ತದೆ, ಕುತ್ತಿಗೆ ತಡೆಯುವುದಿಲ್ಲ. ಜನ ಹತ್ತುವುದಕ್ಕಿಂತ ನಿಂತು ನೋಡಿದ್ದೇ ಜಾಸ್ತಿ. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೆವಲ್ಯೂಷನ್ ಅನ್ನುವ ಕೋಸ್ಟರ್ ಬಂತು. ಅದರ ಲೆಕ್ಕ ಹಾಕಿದವರು ಜರ್ಮನಿಯ ಎಂಜಿನಿಯರ್ ವೆರ್ನರ್ ಷ್ಟೆಂಗೆಲ್. ಸುತ್ತನ್ನು ಕೆಳಗೆ ಅಗಲವಾಗಿ, ಮೇಲೆ ಕಿರಿದಾಗಿ ಮಾಡಿದರು. ಭಾರ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಇವತ್ತು ನಾವು ತಲೆಕೆಳಗಾಗಿ ನಗುತ್ತಾ ಇಳಿಯುತ್ತೇವೆ ಅಂದರೆ ಅದಕ್ಕೆ ಯಾರೋ ನಮ್ಮ ಕುತ್ತಿಗೆಯ ಬಗ್ಗೆ ಕೂತು ಯೋಚಿಸಿದ್ದು ಕಾರಣ. ಇದು ನನಗೆ ತುಂಬಾ ಇಷ್ಟದ ವಿಷಯ. ಹೆದರಿಸುವುದಕ್ಕೆ ಕಟ್ಟಿದ ಯಂತ್ರದಲ್ಲಿ ಇಷ್ಟೊಂದು ಕಾಳಜಿ ಇದೆ.

ಚಿಕ್ಕವ್ವನಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಸೀಟಿನಲ್ಲಿ ಕೂತು, ಪಟ್ಟಿ ಇಳಿಸಿ, ಹುಡುಗ ಬಂದು ಎಳೆದು ನೋಡಿ ಹೋದ ಮೇಲೆ ನನ್ನ ಕಡೆ ವಾಲಿ ಕೇಳಿದಳು.

“ಕಿರುಚ್ಕಂಡ್ರೆ ಯಾರೂ ಏನೂ ಅನ್ನಾಕಿಲ್ವಾ?”

“ಯಾರೂ ಅನ್ನಲ್ಲ ಚಿಕ್ಕವ್ವ. ಎಲ್ಲಾರೂ ಕಿರುಚ್ತಾರೆ.”

ಅವಳು ಕಿರುಚಿದ ಕೂಗು ನಾನು ಅದುವರೆಗೆ ಕೇಳಿರದ ಕೂಗು. ಹೊಟ್ಟೆಯಿಂದ ಬಂದದ್ದು. ಮುಂದಕ್ಕೆ ಹೋಗುವಾಗಲೂ ಕೂಗಿದಳು, ಹಿಂದಕ್ಕೆ ಬರುವಾಗಲೂ ಕೂಗಿದಳು, ಗಾಡಿ ನಿಂತ ಮೇಲೂ ಒಂದು ಸಲ ಕೂಗಿದಳು. ಇಳಿದಾಗ ಕಣ್ಣಲ್ಲಿ ನೀರಿತ್ತು, ಬಾಯ್ತುಂಬ ನಗು. ಕೂದಲು ಸರಿಮಾಡಿಕೊಳ್ಳಲಿಲ್ಲ. “ಇನ್ನೊಂದ್ ದಪ ಹೋಗುಮಾ ಮಗಾ?” ಅಂದಳು. ಹೋದೆವು.

ಅವಳ ಆ ಪ್ರಶ್ನೆ ನನ್ನ ತಲೆಯಿಂದ ಇಳಿದೇ ಇಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಜೋರಾಗಿ ಕೂಗಲು ಜಾಗ ಎಲ್ಲಿದೆ? ಮೆಲ್ಲಗೆ ಮಾತಾಡು, ಮೆಲ್ಲಗೆ ನಗು, ಬೀದಿಗೆ ಕೇಳಿಸುತ್ತೆ. ಹೆರಿಗೆಯಲ್ಲಿ ಕೂಗಿದರೂ ಗದರಿಸುವವರಿದ್ದಾರೆ. ಸಾವಿನ ಮನೆಯಲ್ಲಿ ಮಾತ್ರ ಎದೆ ಬಡಿದುಕೊಂಡು ಕೂಗಬಹುದು. ಸಂತೋಷಕ್ಕೆ ಕೂಗುವ ಜಾಗ ಒಂದು ಬೇಕು. ಗಂಡಸರಿಗೆ ಕ್ರಿಕೆಟ್ ಇದೆ, ಕಬಡ್ಡಿ ಇದೆ, ಎತ್ತಿನಗಾಡಿ ಓಟ ಇದೆ. ನಮಗೆ ಈ ಎರಡು ನಿಮಿಷ ಇದೆ. ಪಕ್ಕದವರು ತಿರುಗಿ ನೋಡುವುದಿಲ್ಲ, ಏಕೆಂದರೆ ಅವರೂ ಕೂಗುತ್ತಿರುತ್ತಾರೆ. ಗುರುತಿಲ್ಲದವರ ನಡುವೆ, ಭಾಷೆ ಬಾರದ ಊರಲ್ಲಿ ಆದರಂತೂ ಇನ್ನೂ ಸಲೀಸು. ಪ್ರವಾಸದಲ್ಲಿ ರೋಲರ್ ಕೋಸ್ಟರ್ ಹತ್ತುವುದು ನನಗೆ ಯಾಕೆ ಮುಖ್ಯ ಅಂತ ಕೇಳಿದರೆ ಇದೇ ನನ್ನ ಉತ್ತರ.

ಈ ಆಟದ ಹುಟ್ಟಿನಲ್ಲೂ ಒಬ್ಬ ಹೆಂಗಸಿನ ಪಾಲಿದೆ. ರಷ್ಯಾದಲ್ಲಿ ಚಳಿಗಾಲದಲ್ಲಿ ಮರದ ಎತ್ತರದ ಕಟ್ಟಣೆ ಮಾಡಿ, ಅದರ ಮೇಲೆ ನೀರು ಸುರಿದು ಹೆಪ್ಪುಗಟ್ಟಿಸಿ, ಜಾರುಬಂಡಿಯಲ್ಲಿ ಇಳಿಯುತ್ತಿದ್ದರು. ಮಹಾರಾಣಿ ಎರಡನೇ ಕ್ಯಾಥರೀನ್‌ಗೆ ಇದು ಎಷ್ಟು ಹಿಡಿಸಿತೆಂದರೆ ಬೇಸಿಗೆಯಲ್ಲೂ ಆಡಲು ಆಗಲಿ ಅಂತ ಒರಾನಿಯೆನ್‌ಬೌಮ್‌ನ ಅರಮನೆ ತೋಟದಲ್ಲಿ ಗಾಲಿಯ ಬಂಡಿ ಓಡುವ ಒಂದು ಜಾರುಗುಡ್ಡ ಕಟ್ಟಿಸಿದಳು. ಸಾಮ್ರಾಜ್ಯ ಆಳುವ ಹೆಂಗಸು ಆಟಕ್ಕೆ ಹೊತ್ತು ಮಾಡಿಕೊಂಡಳು. 1817ರಲ್ಲಿ ಈ ಆಟ ಪ್ಯಾರಿಸ್‌ಗೆ ಬಂತು. 1884ರಲ್ಲಿ ಅಮೆರಿಕದ ಲಾಮಾರ್ಕಸ್ ಥಾಂಪ್ಸನ್ ಕೋನಿ ಐಲೆಂಡ್‌ನಲ್ಲಿ ಐದು ಸೆಂಟ್ ಟಿಕೆಟ್ಟಿನ ಸ್ವಿಚ್‌ಬ್ಯಾಕ್ ರೈಲ್ವೆ ಅನ್ನುವ ಕೋಸ್ಟರ್ ಶುರುಮಾಡಿದ. ಅದರ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್, ನಮ್ಮ ಸೈಕಲ್ಲಿಗಿಂತ ನಿಧಾನ. ಆದರೂ ಜನ ಸಾಲುಗಟ್ಟಿ ನಿಂತರು.

ಶಿರಡಿ ಪ್ಯಾಕೇಜಿನಲ್ಲಿ ಹೋದಾಗ ವಾಪಸು ಬರುವ ದಾರಿಯನ್ನು ಸ್ವಲ್ಪ ತಿರುಗಿಸಿ ನಾವು ಕೆಲವರು ಖೋಪೋಲಿಯ ಇಮ್ಯಾಜಿಕಾ ಪಾರ್ಕ್‌ಗೆ ಹೋದೆವು. ಮುಂಬೈ ಪುಣೆ ಎಕ್ಸ್‌ಪ್ರೆಸ್‌ವೇಯಿಂದ ಹತ್ತಿರ. ಅಲ್ಲಿನ ನೈಟ್ರೋ ಕೋಸ್ಟರ್ ಸ್ವಿಟ್ಜರ್‌ಲೆಂಡಿನ ಬೋಲಿಗರ್ ಅಂಡ್ ಮಬಿಲ್ಲಾರ್ಡ್ ಕಂಪನಿಯದು. ಹೊರಡುವ ಮೊದಲು ಕಾಲ ಕೆಳಗಿನ ನೆಲವೇ ಸರಿದು ಹೋಗುತ್ತದೆ, ಕಾಲು ಗಾಳಿಯಲ್ಲಿ ನೇತಾಡುತ್ತವೆ. ಸುಮಾರು 40 ಮೀಟರ್ ಎತ್ತರ, ಗಂಟೆಗೆ 105 ಕಿಲೋಮೀಟರ್ ವೇಗ, ಐದು ಸಲ ತಲೆಕೆಳಗು. ನನ್ನ ಮಟ್ಟಿಗೆ ಹೇಳುವುದಾದರೆ ನಮ್ಮ ದೇಶದಲ್ಲಿ ನಾನು ಕೂತ ಕೋಸ್ಟರ್‌ಗಳಲ್ಲಿ ಇದೇ ಮೇಲು. ಒಂದಿಷ್ಟೂ ಕುಲುಕುವುದಿಲ್ಲ. ಮೊದಲ ಏರಿನ ತುದಿಯವರೆಗೆ ಸರಪಳಿ ಎಳೆಯುತ್ತದೆ, ಅಲ್ಲಿಂದ ಮುಂದೆ ಎಂಜಿನ್ ಇಲ್ಲ. ಭೂಮಿ ಎಳೆಯುವುದಷ್ಟೇ. ಹಿಂದಿನ ಸೀಟಿನಲ್ಲಿ ಕೂತರೆ ಮುಂದಿನ ಬೋಗಿಗಳು ಆಗಲೇ ಇಳಿಯುತ್ತಾ ನಿಮ್ಮನ್ನು ತುದಿಯಾಚೆ ಎಳೆದೊಯ್ಯುತ್ತವೆ, ಸೀಟಿನಿಂದ ಮೈ ಏಳುತ್ತದೆ. ಮುಂದಿನ ಸೀಟಿನಲ್ಲಿ ನೋಟ ಚೆನ್ನ. ನಾನು ಹಿಂದಿನ ಸೀಟಿನ ಪಕ್ಷ.

ತಂಗಿ ಮೆಲ್ಬೋರ್ನ್‌ನಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಹೋದವಳು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಸೇಂಟ್ ಕಿಲ್ಡಾದ ಲೂನಾ ಪಾರ್ಕ್‌ಗೆ ಹೋದೆ. ಬಾಗಿಲೇ ಒಂದು ದೊಡ್ಡ ಮುಖ, ತೆರೆದ ಬಾಯೊಳಗಿಂದ ಒಳಗೆ ಹೋಗಬೇಕು. ಅಲ್ಲಿನ ಸೀನಿಕ್ ರೈಲ್ವೆ ಅನ್ನುವ ಕೋಸ್ಟರ್ 1912ರದು, ಮರದ್ದು. ನಮ್ಮಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದ ಮರುವರ್ಷ ಅದು. ಶುರುವಾದಾಗಿನಿಂದ ನಿಲ್ಲದೆ ಓಡುತ್ತಲೇ ಬಂದಿರುವ ಕೋಸ್ಟರ್‌ಗಳಲ್ಲಿ ಪ್ರಪಂಚದಲ್ಲೇ ಇದು ಹಳೆಯದು ಅನ್ನುತ್ತಾರೆ. ಅದಕ್ಕೆ ಕೆಳಗಿನಿಂದ ಹಿಡಿಯುವ ಗಾಲಿ ಇಲ್ಲ. ಹಾಗಾಗಿ ಬೋಗಿಗಳ ನಡುವೆ ಬ್ರೇಕ್ ಹಿಡಿದು ಒಬ್ಬ ಮನುಷ್ಯ ನಿಂತೇ ಬರುತ್ತಾನೆ. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಅನ್ನುವುದು ಅವನ ಕೈಯಲ್ಲೇ ಇದೆ. ಪಾರ್ಕಿನ ಅಂಚಿಗೇ ಹಳಿ, ಒಂದು ತಿರುವಿನಲ್ಲಿ ಇಡೀ ಕೊಲ್ಲಿಯ ನೀರು ಕಾಣುತ್ತದೆ. ನನ್ನ ಮುಂದಿನ ಸಾಲಿನಲ್ಲಿ ಬೆಳ್ಳಿಕೂದಲಿನ ಇಬ್ಬರು ಗೆಳತಿಯರು ಕೂತಿದ್ದರು. ಮೊಮ್ಮಕ್ಕಳು ಯಾರೂ ಜೊತೆಗಿರಲಿಲ್ಲ. ತಮಗೋಸ್ಕರ ಬಂದಿದ್ದರು. ನಾನು ಚಿಕ್ಕವ್ವನನ್ನೂ ಅಮ್ಮನನ್ನೂ ಆ ಸೀಟಿನಲ್ಲಿ ಕೂರಿಸಿ ನೋಡಿದೆ ಮನಸ್ಸಿನಲ್ಲೇ.

ಎಲ್ಲ ಕಡೆ ಹಾಗಿರುವುದಿಲ್ಲ. ಬೇರೊಂದು ಊರಿನ ಪಾರ್ಕಿನಲ್ಲಿ ಅಮ್ಮನನ್ನು ಕರೆದುಕೊಂಡು ಕ್ಯೂನಲ್ಲಿ ನಿಂತಿದ್ದಾಗ ಗೇಟಿನ ಹುಡುಗ, “ಅಜ್ಜಿ, ನೀವು ಆ ಕಡೆ ಕೂತ್ಕೊಳಿ, ಬ್ಯಾಗ್ ನೋಡ್ಕೊಳಿ” ಅಂದ. ಬೋರ್ಡಿನಲ್ಲಿ ಎತ್ತರದ ಲೆಕ್ಕ ಇತ್ತು, ಹೃದಯದ ತೊಂದರೆ, ಗರ್ಭಿಣಿ ಅಂತೆಲ್ಲ ಇತ್ತು. ವಯಸ್ಸಿನ ಮಾತು ಇರಲಿಲ್ಲ. ತೋರಿಸಿ ಕೇಳಿದರೆ ಬಿಟ್ಟ. ಆದರೆ ಅಮ್ಮನ ಮುಖ ಸಣ್ಣಗಾಗಿತ್ತು, ಹತ್ತಲಿಲ್ಲ. ಆ ಹುಡುಗ ಕೆಟ್ಟವನಲ್ಲ. ಅವನ ಮನೆಯಲ್ಲೂ ಅಮ್ಮ ಬ್ಯಾಗ್ ನೋಡಿಕೊಳ್ಳುವವಳೇ ಇರಬೇಕು. ನಮ್ಮ ಪಾರ್ಕುಗಳ ಜಾಹೀರಾತು ನೋಡಿ, ಕೈ ಎತ್ತಿ ಕೂಗುವವರೆಲ್ಲ ಕಾಲೇಜು ವಯಸ್ಸಿನವರೇ. ಒಂದೇ ಒಂದು ನಡುವಯಸ್ಸಿನ ಮುಖ ಹಾಕಿದರೆ ಏನು ಹೋಗುತ್ತದೆ?

ಹೋಗುವವರಿಗೆ ನನಗೆ ತಿಳಿದ ಕೆಲವು ಮಾತು. ಬಿ.ಪಿ., ಹೃದಯ, ಕುತ್ತಿಗೆ, ಬೆನ್ನಿನ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಹತ್ತಬೇಡಿ. ಕೂದಲನ್ನು ಗಂಟು ಹಾಕಿ. ಜೈಂಟ್ ವೀಲ್‌ಗೆ ಜಡೆ ಸಿಕ್ಕಿಕೊಂಡ ಸುದ್ದಿಗಳನ್ನು ನಾವು ಓದಿದ್ದೇವೆ, ಅದನ್ನು ಮರೆಯಬಾರದು. ಸೆರಗು, ದುಪ್ಪಟ್ಟಾ, ಉದ್ದ ಸರ ಬೇಡ. ಕರಿಮಣಿಯನ್ನು ರವಿಕೆಯೊಳಗೆ ಸೇರಿಸಿ ಪಿನ್ ಹಾಕಿದರೆ ಆಯಿತು, ಬಿಚ್ಚಿಡಬೇಕಾಗಿಲ್ಲ. ಊಟ ಆದ ಕೂಡಲೇ ಹತ್ತಬೇಡಿ. ಪಾರ್ಕಿನ ಕೋಸ್ಟರ್‌ಗೆ ದಿನಾ ಬೆಳಿಗ್ಗೆ ಖಾಲಿ ಓಡಿಸಿ ನೋಡುವ ಪದ್ಧತಿ ಇರುತ್ತದೆ. ಅದರ ಬ್ರೇಕು ಹೆಚ್ಚಾಗಿ ಕರೆಂಟ್ ಹೋದರೆ ತಾನಾಗಿ ಹಿಡಿಯುವ ಹಾಗೆ ಇರುತ್ತದೆ. ಬಿಚ್ಚಿ ಜೋಡಿಸಿ ಊರಿಂದೂರಿಗೆ ಒಯ್ಯುವ ರೈಡ್‌ಗಳಲ್ಲಿ ನಾವೇ ಸ್ವಲ್ಪ ನೋಡಿಕೊಳ್ಳಬೇಕು. ತೊಟ್ಟಿಲಿನ ಚಿಲಕ ಸರಿಯಿಲ್ಲದಿದ್ದರೆ, ಮಳೆ ಬಂದಿದ್ದರೆ, ಲೆಕ್ಕಕ್ಕಿಂತ ಜಾಸ್ತಿ ಜನರನ್ನು ತುಂಬುತ್ತಿದ್ದರೆ ದುಡ್ಡು ಹೋದರೂ ಇಳಿದುಬಿಡಿ. ಮೊದಲ ಸಲ ಆದರೆ ಮಧ್ಯದ ಸೀಟು ಹಿಡಿಯಿರಿ, ತಲೆಯನ್ನು ಹಿಂದಕ್ಕೆ ಒತ್ತಿಟ್ಟುಕೊಳ್ಳಿ. ಬಾಯಿ ಬಿಟ್ಟು ಕೂಗಿ. ಕೂಗಿದರೆ ಉಸಿರು ಕಟ್ಟುವುದಿಲ್ಲ.

ಮನೆಯ ಗಂಡಸರಿಗೂ ಮಕ್ಕಳಿಗೂ ಒಂದು ಮಾತು. ಲಾಕರ್‌ಗೆ ದುಡ್ಡು ಕೊಡಿ. ಅದೇನು ದೊಡ್ಡ ಮೊತ್ತ ಅಲ್ಲ. ದುಡ್ಡು ಬೇಡ ಅನಿಸಿದರೆ ನೀವೇ ಒಂದು ಸುತ್ತು ಬೆಂಚಿನಲ್ಲಿ ಕೂತು ಅವಳನ್ನು ಕಳಿಸಿ. ಕರೆಯುವಾಗ ‘ಬರ್ತೀಯಾ?’ ಅಂತ ಕೇಳಬೇಡಿ, ಅದಕ್ಕೆ ಬೇಡ ಅನ್ನುವುದು ಅವರಿಗೆ ರೂಢಿ. ಟಿಕೆಟ್ ತೆಗೆದುಕೊಳ್ಳುವಾಗಲೇ ‘ನನ್ನ ಪಕ್ಕದ ಸೀಟು ನಿಂದು’ ಅಂತ ಹೇಳಿಬಿಡಿ. ಅಲ್ಲಿಗೆ ಹೋದ ಮೇಲೂ ಬೇಡ ಅಂದರೆ ಬೇಡ.

ಚಿಕ್ಕವ್ವ ತನ್ನ ಸಂಘದವರಿಗೆಲ್ಲ ಹೇಳಿದ್ದಾಳೆ. ಈ ಸಲ ರೇಷ್ಮೆ ಗೂಡು ಮಾರಿ ಬಂದ ಮೇಲೆ ಒಂದು ಮಿನಿ ಬಸ್ ಮಾಡಿಕೊಂಡು ಬಿಡದಿಗೆ ಹೋಗುವುದು ಅಂತ ತೀರ್ಮಾನ ಆಗಿದೆ. ದಾರಿಯಲ್ಲಿ ದೇವಸ್ಥಾನ ಸೇರಿಸಬೇಕೋ ಬೇಡವೋ ಅಂತ ಎರಡು ಪಂಗಡ. ಸೇರಿಸದಿದ್ದರೆ ಮನೆಯಲ್ಲಿ ಏನಂತ ಹೇಳುವುದು ಅಂತ ಒಬ್ಬರು ಕೇಳಿದರಂತೆ. ಆಟ ಆಡಕ್ಕೆ ಅಂತ ಹೇಳು ಅಂದಳಂತೆ ಚಿಕ್ಕವ್ವ. ಹತ್ತೊಂಬತ್ತು ಹೆಸರು ಆಗಿವೆ, ಇನ್ನೆರಡು ಸೀಟು ಖಾಲಿ ಇವೆಯಂತೆ. ಒಂದು ಅಮ್ಮನಿಗೆ ಹಿಡಿದಿದ್ದೇನೆ.